ಹತ್ತಿ ಬಂದ ದಾರಿ

ಮೊದಲು ಒಂದು ತಪ್ಪೊಪ್ಪಿಗೆ. ಕಳೆದ ಸಂಚಿಕೆಯ ಪಿಕ್ನಿಕ್ ವರದಿಯಲ್ಲಿ ‘ಬುತ್ತಿ ಕಟ್ಟಿಕೊಂಡು ಧಾರವಾಡದ ಗುಡ್ಡ ಹತ್ತಿ, ಮೇಲಿನ ಗೋಪುರ ನೋಡಿ ಬಂದೆವು’ ಅಂತ ಅಚ್ಚಾಗಿತ್ತು. ನಾನು ಬರೆದದ್ದು ಡಾರ್ವೆನ್, ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಹತ್ತಿರದ ಊರು. ನನ್ನ ಫೋನಿಗೆ ಡಾರ್ವೆನ್ ಗೊತ್ತಿಲ್ಲ, ಧಾರವಾಡ ಗೊತ್ತು. ಅದೇ ತಿದ್ದಿ ಕೂರಿಸಿಬಿಟ್ಟಿತು. ಕರಡನ್ನು ನಾನು ನೋಡಿದೆ, ಇನ್ನೊಬ್ಬರೂ ನೋಡಿದರು, ಇಬ್ಬರ ಕಣ್ಣಿಗೂ ಬೀಳಲಿಲ್ಲ. ಹಿರಿಯರೊಬ್ಬರು ಫೋನ್ ಮಾಡಿ, ‘ನಾ ಹುಟ್ಟಿ ಬೆಳದದ್ದ ಧಾರವಾಡದಾಗ. ಅಲ್ಲಿ ಯಾವ ಗುಡ್ಡದ ಮ್ಯಾಲೆ ಗೋಪುರ ಐತ್ರಿ?’ ಅಂತ ಕೇಳಿದಾಗಲೇ ಗೊತ್ತಾದದ್ದು.

ಕ್ಷಮೆ ಇರಲಿ. ಆದರೆ ಆ ತಪ್ಪಿನಿಂದ ನನಗೊಂದು ಲಾಭವಾಯಿತು. ಈ ಸಲದ ಸಂಪಾದಕೀಯ ಅದರದ್ದೇ ಕಥೆ.

ಡಾರ್ವೆನ್ ಲ್ಯಾಂಕಾಷೈರಿನ ಒಂದು ಸಣ್ಣ ಊರು, ಬ್ಲ್ಯಾಕ್‌ಬರ್ನ್‌ನ ದಕ್ಷಿಣಕ್ಕಿದೆ. ಇಲ್ಲಿ ಹುಟ್ಟಿದವರ ಬಾಯಲ್ಲಿ ಅದು ‘ಡಾರನ್’. ನಡುವೆ ‘ವೆ’ ಹಾಕಿದರೆ ನೀವು ಹೊರಗಿನವರು ಅಂತ ಲೆಕ್ಕ. ನಾವು ನೋಡಿ ಬಂದ ಗೋಪುರ 1898ರದ್ದು. ಹೆಸರಿಗೆ ಅದು ವಿಕ್ಟೋರಿಯಾ ರಾಣಿಯ ಪಟ್ಟಕ್ಕೆ 60 ವರ್ಷ ತುಂಬಿದ ನೆನಪು. ಊರವರಿಗೆ ಮಾತ್ರ ಬೇರೆಯದೇ ನೆನಪು. ಆ ಗುಡ್ಡದ ಮೇಲೆ ಯಾರೂ ಓಡಾಡಬಾರದು ಅಂತ ಜಮೀನ್ದಾರರ ಕಡೆಯವರು ದಾರಿ ಮುಚ್ಚಿದ್ದರು. ಊರವರು ಜಗಳಾಡಿ 1896ರಲ್ಲಿ ದಾರಿ ಬಿಡಿಸಿಕೊಂಡರು. ನಾವು ಅಲ್ಲಿ ಚಾಪೆ ಹಾಸಿ ಚಿತ್ರಾನ್ನ ತಿಂದದ್ದು ಆ ಜಗಳದ ಪುಣ್ಯ.

ಗುಡ್ಡದಿಂದ ಕೆಳಗೆ ನೋಡಿದರೆ ಒಂದು ದೊಡ್ಡ ಚಿಮಣಿ ಕಾಣುತ್ತದೆ. ಸುಮಾರು 300 ಅಡಿ. ಇಟಲಿಯ ಗಂಟೆಗೋಪುರದ ಹಾಗೆ ಕೆತ್ತನೆ ಮಾಡಿ ಕಟ್ಟಿದ್ದಾರೆ. ಹೊಗೆ ಬಿಡೋ ಕೊಳವೆಗೆ ಅಷ್ಟು ಅಲಂಕಾರ ಯಾಕೆ ಅಂತ ನನಗೆ ಯಾವಾಗಲೂ ಅನ್ನಿಸುತ್ತಿತ್ತು. ಅದು ಒಂದು ಹಳೇ ಹತ್ತಿ ಗಿರಣಿಯದ್ದು, ಹೆಸರು ‘ಇಂಡಿಯಾ ಮಿಲ್’. ನಾವು ಈ ಕಡೆ ಬಂದು ಹತ್ತೊಂಬತ್ತು ವರ್ಷವಾಯಿತು. ಇಷ್ಟು ವರ್ಷವೂ ಆ ಚಿಮಣಿ ನನಗೆ ದಾರಿ ತೋರಿಸೋ ಗುರುತು ಅಷ್ಟೇ ಆಗಿತ್ತು. ಅದು ಕಂಡರೆ ಎಡಕ್ಕೆ ತಿರುಗಬೇಕು, ಸೂಪರ್‌ಮಾರ್ಕೆಟ್ಟಿಗೆ.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಎಂಬತ್ತೈದರ ಹತ್ತಿರ. ನನ್ನ ಮಗಳು ಮಾತು ಕಲಿಯುವಾಗಲೇ ಅವರನ್ನು ‘ಅಜ್ಜಿ’ ಅಂದಳು. ಈಗ ಬೀದಿಯ ಮಿಕ್ಕ ಮಕ್ಕಳೂ ಅದೇ ಅವರ ಹೆಸರು ಅಂದುಕೊಂಡಿದ್ದಾರೆ. ಮೊನ್ನೆ ಚಹಾ ಕುಡಿಯುತ್ತ ಅಚ್ಚಿನ ತಪ್ಪಿನ ಕಥೆ ಹೇಳಿದೆ. ನಕ್ಕರು. ‘ಅದು ಎಂಥಾ ಊರು? ಅಲ್ಲಿ ಏನು ಬೆಳೀತಾರೆ?’ ಅಂತ ಕೇಳಿದರು. ಪೇಡಾ ಅನ್ನಬೇಕೆಂದಿದ್ದೆ, ಬಾಯಲ್ಲಿ ಹತ್ತಿ ಅಂತ ಬಂತು. ಅಜ್ಜಿ ಕಪ್ಪು ಕೆಳಗಿಟ್ಟರು. ‘ನಾನು ಹದಿನೈದಕ್ಕೇ ಮಿಲ್ಲಿಗೆ ಹೋದವಳು, ಲವ್’ ಅಂದರು.

ಹತ್ತೊಂಬತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ದೇವೆ. ಅವರ ಕಸದ ಡಬ್ಬ ಯಾವ ದಿನ ಹೊರಗೆ ಬರುತ್ತದೆ, ಮಂಡಿ ಯಾವ ಚಳಿಗೆ ನೋಯುತ್ತದೆ, ಎಲ್ಲಾ ನನಗೆ ಗೊತ್ತು. ಇದು ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ. ಇಲ್ಲಿಯ ಇತಿಹಾಸ ಅಂದರೆ ಕೋಟೆ, ರಾಜ, ಟಿಕೆಟ್ ಕೌಂಟರ್ ಅಂತಲೇ ಅಂದುಕೊಂಡಿದ್ದೆ. ನಮ್ಮಲ್ಲಿ ಜಾಸ್ತಿ ಜನ ಹಾಗೇ ಅಲ್ವಾ? ‘ನಮ್ಮೂರಲ್ಲಿ ಆಗ...’ ಅಂತ ಶುರು ಮಾಡುವ ಹಕ್ಕು ನಮಗೆ ಮಾತ್ರ ಇದೆ ಅಂತ ತಿಳಿದವರ ಹಾಗೆ.

ಆಮೇಲೆ ಮೂರು ಶನಿವಾರ ಅವರ ಮನೆಗೆ ಹೋಗಿ ಕೂತೆ. ಕೇಳಿದ್ದರಲ್ಲಿ ಸ್ವಲ್ಪ ಇಲ್ಲಿ ಹೇಳುತ್ತೇನೆ.

ಚಿಕ್ಕಂದಿನಲ್ಲಿ ಕಾಲಿಗೆ ಕ್ಲಾಗ್ಸ್. ಮರದ ಅಟ್ಟೆ, ಮೇಲೆ ತೊಗಲು, ಅಡಿಗೆ ಕುದುರೆ ಲಾಳದಂಥ ಕಬ್ಬಿಣದ ಪಟ್ಟಿ. ಚಳಿಗಾಲದ ಸಂಜೆ ಬೇಗ ಕತ್ತಲಾಗುತ್ತಿತ್ತು. ಮಕ್ಕಳು ಓಡಿ ಬಂದು ಕಾಲನ್ನು ಕಲ್ಲುಹಾಸಿನ ಮೇಲೆ ಜೋರಾಗಿ ಉಜ್ಜಿದರೆ ಕಿಡಿ ಹಾರುತ್ತಿತ್ತು. ಯಾರ ಕಿಡಿ ದೊಡ್ಡದು ಅಂತ ಪಂದ್ಯ. ಮನೆಗೆ ಹೋದ ಮೇಲೆ ಕಬ್ಬಿಣ ಸವೆಸಿದ್ದಕ್ಕೆ ಏಟು. ಶುಕ್ರವಾರ ರಾತ್ರಿ ಹಿತ್ತಲ ಮೊಳೆಗೆ ತೂಗುಹಾಕಿದ ತಗಡಿನ ತೊಟ್ಟಿ ಒಳಗೆ ಬರುತ್ತಿತ್ತು. ಒಲೆಯ ಮುಂದೆ ಎಲ್ಲರಿಗೂ ಅದೇ ನೀರಿನಲ್ಲಿ ಸ್ನಾನ. 1953ರ ಫೆಬ್ರುವರಿಯಲ್ಲಿ ಮಿಠಾಯಿಯ ರೇಷನ್ ಮುಗಿದ ದಿನ ಅಂಗಡಿಯ ಮುಂದೆ ಸಾಲು ನಿಂತಿತ್ತು. ಅಜ್ಜಿ ತಿಂದು ತಿಂದು ವಾಂತಿ ಮಾಡಿಕೊಂಡರಂತೆ.

ಅವರು ಹೇಳಿ ನಕ್ಕದ್ದು ಕಕ್ಕಸಿನ ಕಥೆಗೆ. ಹಿತ್ತಲ ಕೊನೆಯಲ್ಲಿತ್ತು, ಹೆಸರು ಟಿಪ್ಲರ್. ಲ್ಯಾಂಕಾಷೈರಿನ ಗಿರಣಿ ಊರುಗಳಲ್ಲಿ ಇದು ಬಹಳ ಇತ್ತು. ಅಡುಗೆಮನೆಯ ಮುಸುರೆ ನೀರು, ಮಾಳಿಗೆಯ ಮಳೆನೀರು ಎಲ್ಲಾ ನೆಲದಡಿಯ ಒಂದು ಬಾನಿಗೆ ಸೇರುತ್ತದೆ. ಅದು ತುಂಬಿದ ತಕ್ಷಣ ತಾನಾಗಿಯೇ ಮಗುಚಿ ಧಡಾರ್ ಅಂತ ಗುಂಡಿಗೆ ಸುರಿಯುತ್ತದೆ. ಯಾವಾಗ ತುಂಬುತ್ತದೆ ಅಂತ ಮೇಲೆ ಕೂತವರಿಗೆ ತಿಳಿಯುವ ಹಾಗಿಲ್ಲ. ಕತ್ತಲಲ್ಲಿ ಮೇಣದಬತ್ತಿ ಹಿಡಿದು ಕೂತ ಮಗುವಿನ ಕೆಳಗೆ, ಬಾವಿಯಷ್ಟು ಆಳದಲ್ಲಿ, ಒಮ್ಮೆಲೇ ಗುಡುಗು. ಅಜ್ಜಿಯ ತಮ್ಮ ಏಳು ವರ್ಷದವರೆಗೂ ಒಬ್ಬನೇ ಹೋಗಲಿಲ್ಲವಂತೆ. ಅಲ್ಲಿ ಕೆಳಗೆ ಸಿಂಹ ಇದೆ ಅಂತ ಅವನಿಗೆ ಹೇಳಿಕೊಟ್ಟವರು ಈ ಅಜ್ಜಿಯೇ.

ವರ್ಷಕ್ಕೊಮ್ಮೆ ವೇಕ್ಸ್ ವಾರ. ನಮ್ಮ ಜಾತ್ರೆಯ ಹಾಗೆ ಒಂದೊಂದು ಗಿರಣಿ ಊರಿಗೂ ಅದರದೇ ವಾರ ಇರುತ್ತಿತ್ತು. ಗಿರಣಿಗಳಿಗೆಲ್ಲಾ ಬೀಗ, ಬಾಯ್ಲರ್ ತೊಳೆಯುವುದಕ್ಕೂ ಅದೇ ಸಮಯ. ಊರಿಗೆ ಊರೇ ರೈಲು ಹತ್ತಿ ಬ್ಲ್ಯಾಕ್‌ಪೂಲ್‌ಗೆ. ಸಂಬಳದ ರಜೆಯ ಕಾಯ್ದೆ ಬಂದದ್ದೇ 1938ರಲ್ಲಿ. ಅದಕ್ಕೆ ಮೊದಲು ವಾರವಾರ ಚೀಟಿ ಕಟ್ಟಿ ದುಡ್ಡು ಕೂಡಿಸಿ ಹೋಗುತ್ತಿದ್ದರು. ಒಂದು ವರ್ಷ ಅಪ್ಪನಿಗೆ ಹುಷಾರಿಲ್ಲದೆ ಅಜ್ಜಿಯ ಮನೆಯವರು ಊರಲ್ಲೇ ಉಳಿದರು. ಬೀದಿಯಲ್ಲಿ ಯಾರೂ ಇಲ್ಲ. ಅಜ್ಜಿಗೆ ಅತ್ತು ಅತ್ತು ಸಾಕಾಗಿತ್ತು. ಮೂರನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಗುಡ್ಡ. ಹಸಿರು, ಬೇಲಿಗೋಡೆ, ಒಂದೊಂದು ಕುರಿ. ಗುಡ್ಡ ಅಲ್ಲೇ ಇತ್ತು, ಮಿಕ್ಕ ದಿನ ಹೊಗೆಯಲ್ಲಿ ಸರಿಯಾಗಿ ಕಾಣುತ್ತಲೇ ಇರಲಿಲ್ಲ.

ಇಲ್ಲಿಯವರೆಗೆ ಕೇಳಿದರೆ ಎಲ್ಲಾ ಸಿಹಿ. ಬಾಲ್ಯದ ನೆನಪಿಗೆ ಆ ಗುಣ ಇದೆ, ನನ್ನ ಬಾಲ್ಯಕ್ಕೂ ಇದೆ. ಆದರೆ ಅಜ್ಜಿಯ ಅಜ್ಜಿ ‘ಹಾಫ್ ಟೈಮರ್’. ಬೆಳಿಗ್ಗೆ ಗಿರಣಿ, ಮಧ್ಯಾಹ್ನ ಶಾಲೆ. ಮೇಜಿನ ಮೇಲೆ ತಲೆಯಿಟ್ಟು ಮಲಗುವ ಮಕ್ಕಳನ್ನು ಮೇಷ್ಟ್ರು ಎಬ್ಬಿಸುತ್ತಿರಲಿಲ್ಲವಂತೆ. ಆ ಪದ್ಧತಿ ತೆಗೆಯಲು 1918ರ ಶಿಕ್ಷಣ ಕಾಯ್ದೆ ಬರಬೇಕಾಯಿತು. ಅಜ್ಜಿಯ ಅಮ್ಮ ನೇಕಾರ್ತಿ. ಆಗ ಲಾಳಿಗೆ ನೂಲು ಪೋಣಿಸಲು ಅದರ ತೂತಿಗೆ ಬಾಯಿ ಹಚ್ಚಿ ಸೆಳೆಯಬೇಕು. ಅದಕ್ಕೆ ‘ಲಾಳಿಗೆ ಮುತ್ತು ಕೊಡುವುದು’ ಅಂತ ಹೆಸರು. ಹೆಸರು ಚೆಂದ, ಆದರೆ ಒಂದೇ ಲಾಳಿಗೆ ಹತ್ತು ಜನರ ಬಾಯಿ. ಅರಳೆ ಧೂಳು, ಎಣ್ಣೆ, ಕೆಮ್ಮು ಎಲ್ಲಾ ಒಳಗೆ. 1952ರಲ್ಲಿ ಅದನ್ನು ನಿಷೇಧಿಸುವ ಹೊತ್ತಿಗೆ ಅವರಮ್ಮನ ಮುಂದಿನ ಹಲ್ಲು ಹೋಗಿದ್ದವು.

ಇನ್ನೊಂದು, ಸದ್ದು. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಕೋಣೆಯಲ್ಲಿ ಮಾತು ಕೇಳುವುದೇ ಇಲ್ಲ. ಹೆಂಗಸರು ಸದ್ದಿಲ್ಲದೆ ತುಟಿ ಆಡಿಸಿ, ಮುಖ ಕೈ ಕುಣಿಸಿ ಮಾತಾಡುತ್ತಿದ್ದರು. ಅದರ ಹೆಸರು ಮೀ-ಮಾ. ಆ ಕೋಣೆಯಲ್ಲಿ ಕಿವಿ ಬೇಗ ಹೋಗುತ್ತಿತ್ತು, ತುಟಿ ಓದುವುದು ಉಳಿಯುತ್ತಿತ್ತು. ಅಜ್ಜಿ ಈಗಲೂ ‘ಆಪರೇಷನ್’, ‘ಡೈವೋರ್ಸ್’ ಅನ್ನುವಾಗ ದನಿ ತೆಗೆಯುವುದಿಲ್ಲ. ತುಟಿ ಮಾತ್ರ ದೊಡ್ಡದಾಗಿ ಆಡುತ್ತದೆ. ಇದು ಅವರ ಸಂಕೋಚ ಅಂದುಕೊಂಡಿದ್ದೆ ಇಷ್ಟು ವರ್ಷ. ಅದು ಕಸುಬು.

ನನ್ನ ಕಡೆಯ ಅರ್ಧ ಕಥೆಯನ್ನು ನಾನು ಹೇಳಬೇಕಾಯಿತು. ನಮ್ಮದು ಧಾರವಾಡ ಸೀಮೆಯ ಎರೆಹೊಲ. ನಮ್ಮಜ್ಜ ಹತ್ತಿ ಅಂಡಿಗೆ ಹೇರಿಕೊಂಡು ಪೇಟೆಗೆ ಹೋಗುತ್ತಿದ್ದವರು. ಆ ಹೊಲಗಳಿಗೆ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಬೀಜ ಬಂದದ್ದು 1840ರ ದಶಕದಲ್ಲಿ, ಲ್ಯಾಂಕಾಷೈರಿನ ಗಿರಣಿಗಳಿಗೆ ಬೇಕು ಅಂತ. ‘ಧಾರವಾರ್ ಅಮೆರಿಕನ್’ ಅಂತ ಅದಕ್ಕೆ ಪೇಟೆಯಲ್ಲಿ ಹೆಸರಾಯಿತು. ನಮ್ಮ ಜವಾರಿ ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಹಾಗಾಗಿ ಬೆಳೆದದ್ದು ನಾವು, ಹೆಸರು ಬಂದದ್ದು ಕುಮಟಾಕ್ಕೆ. ವ್ಯಾಪಾರಿಗಳ ಲೆಕ್ಕದಲ್ಲಿ ಅದು ‘ಕುಂಪ್ಟಾ’ ಹತ್ತಿ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು, ಅಲ್ಲಿಯ ಹತ್ತಿ ನಿಂತಿತು. ಕಾರವಾರದಲ್ಲಿ ಬಂದರು ಮಾಡಿ ನಮ್ಮ ಹತ್ತಿ ಸಾಗಿಸಬೇಕು ಅಂತ ಮ್ಯಾಂಚೆಸ್ಟರಿನವರು ಗಂಟುಬಿದ್ದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸಿನಿಂದ ಬಿಡಿಸಿ ಬಾಂಬೆಗೆ ಸೇರಿಸಿದರು.

ಆ ನಾಲ್ಕು ವರ್ಷ ನಮ್ಮ ಕಡೆ ಹತ್ತಿಗೆ ಕಂಡು ಕೇಳದ ಬೆಲೆ. ಅದೇ ನಾಲ್ಕು ವರ್ಷ ಇಲ್ಲಿ ‘ಹತ್ತಿಯ ಬರ’. ಗಿರಣಿಗಳು ನಿಂತು ಜನ ಗಂಜಿಕೇಂದ್ರದ ಮುಂದೆ ಸಾಲು ನಿಂತರು. ರಾಚ್‌ಡೇಲ್ ಹತ್ತಿರದ ಗುಡ್ಡದ ಮೇಲೆ ಕೆಲಸ ಕಳಕೊಂಡ ನೇಕಾರರಿಂದ ಹಾಸಿಸಿದ ಕಲ್ಲುರಸ್ತೆ ಈಗಲೂ ಇದೆ. ಬಂದ ಇಂಡಿಯಾದ ಹತ್ತಿಯೂ ಇವರಿಗೆ ಸುಖ ಕೊಡಲಿಲ್ಲ. ಎಲ್ಲಿಂದ ಬಂದರೂ ಅದಕ್ಕೆ ‘ಸೂರತ್’ ಅಂತಲೇ ಕರೆಯುತ್ತಿದ್ದರು. ಎಳೆ ಗಿಡ್ಡ, ನೂಲು ಪದೇ ಪದೇ ಹರಿಯುತ್ತದೆ, ಹರಿದರೆ ಕೂಲಿ ಹೋಗುತ್ತದೆ. ‘ದೇವರೇ ಹತ್ತಿ ಕಳಿಸು, ಸೂರತ್ ಮಾತ್ರ ಬೇಡ’ ಅಂತ ಪ್ರಾರ್ಥಿಸುತ್ತಿದ್ದರಂತೆ. ಈ ಪ್ರಾರ್ಥನೆ ಅಜ್ಜಿಗೂ ಗೊತ್ತು, ಅವರ ಅಮ್ಮ ಹೇಳುತ್ತಿದ್ದರು. ನಮ್ಮವರೂ ಸಾಚಾ ಅಲ್ಲ ಬಿಡಿ. ತೂಕಕ್ಕೆ ಕಲ್ಲು, ಮಣ್ಣು, ಬೀಜ ಸೇರಿಸುತ್ತಿದ್ದರು. ಅದನ್ನು ತಡೆಯಲೆಂದೇ 1863ರಲ್ಲಿ ಬಾಂಬೆ ಸರಕಾರ ಒಂದು ಕಾಯ್ದೆ ತಂದಿತು. ‘ಹಾಗಾದರೆ ಕಲ್ಲು ಹಾಕಿದ್ದು ನಿಮ್ಮಜ್ಜನಾ?’ ಅಂತ ಅಜ್ಜಿ ಕೇಳಿದರು. ನಮ್ಮಜ್ಜನ ಅಜ್ಜ ಇರಬಹುದು ಅಂದೆ.

ಇಂಡಿಯಾ ಮಿಲ್ಲಿನ ಕಟ್ಟಡ ಮುಗಿದದ್ದು ಆ ಬರ ಮುಗಿದ ಮೇಲೆ, 1867ರಲ್ಲಿ. ಆ ಚಿಮಣಿಗೆ ಅಷ್ಟು ಅಲಂಕಾರ ಯಾಕೆ ಅಂತ ಈಗ ಸ್ವಲ್ಪ ಅರ್ಥವಾಗುತ್ತದೆ. ಮುಂದಿನ ಐವತ್ತು ವರ್ಷ ಇವರದೇ. ಲ್ಯಾಂಕಾಷೈರ್ ನೇಯ್ದ ಬಟ್ಟೆ 1912ರಲ್ಲಿ 800 ಕೋಟಿ ಗಜ. ಅದರಲ್ಲಿ ಬಹುಪಾಲು ಹಡಗು ಹತ್ತಿ ನಮ್ಮಂಥ ದೇಶಗಳಿಗೆ ಹೋಯಿತು. ನಮ್ಮ ಹೊಲದ ಹತ್ತಿ ಬಟ್ಟೆಯಾಗಿ ನಮ್ಮ ಪೇಟೆಗೇ ಬಂತು. ನಮ್ಮ ನೇಕಾರರ ಮಗ್ಗ ನಿಂತದ್ದು ಹಾಗೆ.

1931ರ ಸೆಪ್ಟೆಂಬರ್‌ನಲ್ಲಿ ಗಾಂಧೀಜಿ ಇಲ್ಲಿಗೇ ಬಂದರು. ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಬಂದವರನ್ನು ಇಲ್ಲಿಯ ಒಂದು ಗಿರಣಿ ಮಾಲೀಕರ ಕುಟುಂಬ ಕರೆದಿತ್ತು, ನಿಮ್ಮ ಬಹಿಷ್ಕಾರದಿಂದ ನಮ್ಮ ಜನಕ್ಕೆ ಏನಾಗಿದೆ ಬಂದು ನೋಡಿ ಅಂತ. ಗ್ರೀನ್‌ಫೀಲ್ಡ್ ಮಿಲ್ಲಿನ ಮುಂದೆ ಕೆಲಸಗಾರ್ತಿಯರು ಅವರ ಸುತ್ತ ನಿಂತು ಕೈಯೆತ್ತಿ ಜೈಕಾರ ಹಾಕುವ ಫೋಟೋ ನೀವೂ ನೋಡಿರುತ್ತೀರಿ. ಅದು ಈ ಡಾರ್ವೆನ್. ಅಜ್ಜಿಯ ಅಮ್ಮ ಆಗ ಕೆಲಸವಿಲ್ಲದೆ ಮನೆಯಲ್ಲಿದ್ದರು. ಗುಂಪಿನ ಹಿಂದೆ ನಿಂತು ಇಣುಕಿದವರು. ಅವರು ಮಗಳಿಗೆ ರಾಜಕೀಯ ಏನೂ ಹೇಳಲಿಲ್ಲ. ‘ಆ ಚಳಿಗೆ ಬರಿಗಾಲು, ಪಾಪ. ಅವರಮ್ಮ ಬೈಯಲ್ವಾ?’ ಅಂದಿದ್ದರಂತೆ.

ಅಜ್ಜಿ ಮಿಲ್ಲಿಗೆ ಸೇರಿದ್ದು 1955ರಲ್ಲಿ. ಕೆಲಸ ಜಾಸ್ತಿ ದಿನ ಉಳಿಯಲಿಲ್ಲ. 1959ರ ಕಾಯ್ದೆ ಬಂದು, ಹಳೇ ಮಗ್ಗ ಒಡೆದರೆ ಸರಕಾರವೇ ಮಾಲೀಕರಿಗೆ ದುಡ್ಡು ಕೊಟ್ಟಿತು. ಇಬ್ಬರು ಗಂಡಸರು ದೊಡ್ಡ ಸುತ್ತಿಗೆ ಹಿಡಿದು ಸಾಲಾಗಿ ಒಡೆಯುತ್ತ ಬಂದರು. ಅಜ್ಜಿಯ ನಾಲ್ಕು ಮಗ್ಗ ಕಿಟಕಿಯ ಪಕ್ಕ ಇದ್ದವು. ಅವನ್ನು ಒಡೆಯುವ ಮೊದಲು ಬಟ್ಟೆಯಿಂದ ಒರೆಸಿದೆ ಅಂದರು. ಯಾಕೆ ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಮೂರನೇ ಶನಿವಾರ ಅವರು ಒಂದು ಬಿಸ್ಕತ್ತಿನ ಡಬ್ಬ ತೆಗೆದರು. ಒಳಗೆ ಸೋಪಿನ ಬಿಲ್ಲೆಯಷ್ಟು ಒಂದು ಬಿಳಿ ಕಲ್ಲು, ಒಂದು ಮೂಲೆ ಸವೆದದ್ದು. ಡಾಂಕಿ ಸ್ಟೋನ್. ಬೀದಿಯಲ್ಲಿ ಚಿಂದಿ ಆಯುವವನು ಬರುತ್ತಿದ್ದ, ಹಳೇ ಬಟ್ಟೆ ಕೊಟ್ಟರೆ ಈ ಕಲ್ಲು ಕೊಡುತ್ತಿದ್ದ. ನಮ್ಮಲ್ಲಿ ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡೋರ ಹಾಗೆ. ಪ್ರತಿ ವಾರ ಹೆಂಗಸರು ಮೊಣಕಾಲೂರಿ ಬಾಗಿಲ ಮೆಟ್ಟಿಲು ತೊಳೆದು, ಹಸಿ ಇರುವಾಗಲೇ ಈ ಕಲ್ಲಿನಿಂದ ಅಂಚಿಗೆ ಗೆರೆ ಎಳೆಯುತ್ತಿದ್ದರು. ಮೆಟ್ಟಿಲು ಮಾಸಿದ ಮನೆಯ ಹೆಂಗಸಿನ ಬಗ್ಗೆ ಬೀದಿಯೆಲ್ಲಾ ಮೀ-ಮಾ. ಈ ಕಲ್ಲು ಮಾಡುತ್ತಿದ್ದ ಕೊನೆಯ ಕಾರ್ಖಾನೆ, ಆಷ್ಟನ್-ಅಂಡರ್-ಲೈನ್‌ನದ್ದು, 1979ರಲ್ಲಿ ಮುಚ್ಚಿತು.

ಮಗಳು ಆ ಕಲ್ಲು ಕೈಗೆ ತೆಗೆದುಕೊಂಡು ನೋಡಿದಳು. ‘ಇದರಲ್ಲಿ ರಂಗೋಲಿ ಬರುತ್ತಾ?’ ಅಂದಳು. ನಾನು ಬೇಡ ಅನ್ನುವಷ್ಟರಲ್ಲಿ ಅಜ್ಜಿ ನೀರು ತರಲು ಎದ್ದಿದ್ದರು. ಅಜ್ಜಿಯ ಮೆಟ್ಟಿಲ ಮೇಲೆ ನಾಲ್ಕು ಚುಕ್ಕಿ, ನಾಲ್ಕು ಸಾಲು. ಸುತ್ತ ಅಂಚಿನ ಗೆರೆ ಮಾತ್ರ ಅಜ್ಜಿ ತಾವೇ ನಿಂತು ಎಳೆಸಿದರು. ಸೊಟ್ಟ ಆಯಿತು ಅಂತ ಎರಡು ಸಲ ಒರೆಸಿದರು. ಸಂಜೆ ಎಂದಿನ ಹಾಗೆ ಮಳೆ ಬಂತು.

ಮುಂದಿನ ಸಂಚಿಕೆಗೆ ನಿಮ್ಮ ನಿಮ್ಮ ಬೀದಿಯ ಇಂಥ ಒಂದು ನೆನಪು ಬರೆದು ಕಳಿಸಿ. ನಿಮ್ಮದಲ್ಲ, ಪಕ್ಕದ ಮನೆಯವರದ್ದು. ಒಂದು ಪುಟ ಸಾಕು. ಅವರ ಹೆಸರು ಹಾಕುವ ಮುಂಚೆ ಅವರನ್ನು ಕೇಳಿ. ಊರಿನ ಹೆಸರನ್ನು ದಯವಿಟ್ಟು ಕೈಯಲ್ಲೇ ಬರೆದು ಫೋಟೋ ತೆಗೆದು ಕಳಿಸಿ. ನನ್ನ ಫೋನಿನ ಮೇಲೆ ನನಗಿನ್ನೂ ನಂಬಿಕೆ ಬಂದಿಲ್ಲ.