ನನ್ನ ಮಾತಿಗೆ ದನಿಯಾದವರಿಗೆ

ನನ್ನ ಹೊಸ ಪ್ರಬಂಧ ಚಿತ್ರ ಮೊನ್ನೆ ಪೂರ್ತಿಯಾಯಿತು. ಒಂದು ವರ್ಷದ ಹಿಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ, ಪಿಸುಗುಟ್ಟುವುದೂ ಕೂಡದು ಎಂದು ವೈದ್ಯರು ಕಟ್ಟಪ್ಪಣೆ ಮಾಡಿದಾಗ, ಹೀಗೆ ಬರೆಯುವ ದಿನ ಬಂದೀತೆಂದು ನಂಬಿರಲಿಲ್ಲ. ಹದಿನೈದು ವರ್ಷಗಳಿಂದ ನಾನು ಮಾಡುತ್ತಾ ಬಂದದ್ದು ಇಂಥ ಚಿತ್ರಗಳನ್ನೇ. ಅವುಗಳಲ್ಲಿ ಕಥೆಯಿಲ್ಲ, ನಟರಿಲ್ಲ. ದೃಶ್ಯಗಳ ಜೊತೆ ಒಂದು ದನಿ ಯೋಚಿಸುತ್ತಾ ಸಾಗುತ್ತದೆ. ಆ ದನಿ ಯಾವಾಗಲೂ ನನ್ನದೇ ಆಗಿತ್ತು.

ಮೊದಲ ನಮಸ್ಕಾರ ಸಂಕಲನಕಾರ ಗೆಳೆಯನಿಗೆ. ಮಾತಿಲ್ಲದ ಆ ವಾರಗಳಲ್ಲಿ ಅವನು ದಿನವೂ ಬಂದು ನನ್ನ ಪಕ್ಕ ಕುಳಿತ. ನಿರೂಪಣೆಯ ಸಾಲುಗಳನ್ನು ನಾನು ಚೀಟಿಗಳಲ್ಲಿ ಬರೆದು ಕೊಡುತ್ತಿದ್ದೆ. ಅವನು ಓದಿ, ದೃಶ್ಯವನ್ನು ಸದ್ದಿಲ್ಲದೆ ಓಡಿಸಿ ನೋಡಿ, ಚೀಟಿಯನ್ನು ಮೇಜಿನ ಎಡಕ್ಕೋ ಬಲಕ್ಕೋ ಇಡುತ್ತಿದ್ದ. ಎಡಕ್ಕೆ ಹೋದದ್ದು ಚಿತ್ರಕ್ಕೆ ಬೇಡದ ಮಾತು. ಸಂಜೆಯ ಹೊತ್ತಿಗೆ ಎಡಗಡೆ ರಾಶಿಯೇ ಬಿದ್ದಿರುತ್ತಿತ್ತು. ಫ್ರೆಂಚ್ ಚಿತ್ರ ನಿರ್ದೇಶಕ ಕ್ರಿಸ್ ಮಾರ್ಕರ್ ಸೈಬೀರಿಯಾ ಕುರಿತ ತಮ್ಮ ಚಿತ್ರದಲ್ಲಿ ಯಾಕುತ್ಸ್ಕ್ ಪಟ್ಟಣದ ಒಂದೇ ದೃಶ್ಯವನ್ನು ಮೂರು ಸಲ ತೋರಿಸುತ್ತಾರೆ. ಅದೇ ಬಸ್ಸು, ಅದೇ ರಸ್ತೆ ಕೆಲಸದವರು. ನಿರೂಪಣೆ ಮಾತ್ರ ಒಮ್ಮೆ ಹೊಗಳುತ್ತದೆ, ಒಮ್ಮೆ ತೆಗಳುತ್ತದೆ, ಇನ್ನೊಮ್ಮೆ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಪ್ರತಿ ಸಲವೂ ಬೇರೆಯೇ ಊರು ಕಂಡಂತಾಗುತ್ತದೆ. ಅದನ್ನು ಎಷ್ಟೋ ಸಲ ನೋಡಿದ್ದೆ, ಇತರರಿಗೆ ವಿವರಿಸಿಯೂ ಇದ್ದೆ. ಆದರೆ ನನ್ನ ಮಾತು ನನ್ನದೇ ದೃಶ್ಯಗಳನ್ನು ಎಷ್ಟು ಮುಚ್ಚಿಹಾಕುತ್ತಿತ್ತು ಎಂಬುದು ತಿಳಿದದ್ದು ಆ ಮೇಜಿನ ಮುಂದೆ.

ದನಿ ಮರಳಿತು, ಆದರೆ ಹತ್ತು ನಿಮಿಷಕ್ಕೆಲ್ಲ ಒಡೆಯುತ್ತಿತ್ತು. ಆಗ ಗೆಳತಿಯೊಬ್ಬರು, ‘ನಾನು ಓದಲೇ?’ ಎಂದರು. ನನಗೆ ಅಳುಕು. ನನ್ನ ತಂದೆಯ ಬಗ್ಗೆ, ನನ್ನ ಬಾಲ್ಯದ ಬಗ್ಗೆ ಇರುವ ಮಾತುಗಳನ್ನು ಇನ್ನೊಬ್ಬರ ಬಾಯಲ್ಲಿ ಹೇಗೆ ಕೇಳುವುದು? ಮಾರ್ಕರ್ 1983ರ ‘ಸಾನ್ ಸೊಲೇಯ್’ ಚಿತ್ರದಲ್ಲಿ ತಮ್ಮ ಮಾತನ್ನು ಕಲ್ಪಿತ ಛಾಯಾಗ್ರಾಹಕನೊಬ್ಬನ ಪತ್ರಗಳಾಗಿಸಿ, ಹೆಣ್ಣುದನಿಯಲ್ಲಿ ಓದಿಸಿದ್ದನ್ನು ನೆನಪಿಸಿದವರೂ ಅವರೇ. ಫ್ಯಾನ್ ಆರಿಸಿ, ಕಿಟಕಿಗೆ ಕಂಬಳಿ ಇಳಿಬಿಟ್ಟು ಮೂರು ರಾತ್ರಿ ಓದಿದರು. ತಂದೆಯ ಕೈಗಡಿಯಾರದ ಸಾಲು ಬಂದಾಗ ಅರೆಕ್ಷಣ ತಡೆದು ಉಸಿರೆಳೆದುಕೊಂಡರು. ನಾನೇ ಓದಿದ್ದರೆ ಅಲ್ಲಿ ನಿಲ್ಲದೆ ದಾಟಿಬಿಡುತ್ತಿದ್ದೆ. ಧ್ವನಿಮುದ್ರಣ ಮಾಡಿದವರು ಆ ಉಸಿರನ್ನು ಅಳಿಸದೆ ಕಾಪಾಡಿದ್ದಾರೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಅದು. ಅವರಿಬ್ಬರ ಋಣ ತೀರುವಂಥದ್ದಲ್ಲ.

ನಿರ್ಮಾಪಕರಿಲ್ಲದ ಚಿತ್ರಕ್ಕೆ ಕೈಲಾದಷ್ಟು ಹಣ ಕೊಟ್ಟು, ಯಾವಾಗ ಮುಗಿಯುತ್ತದೆ ಎಂದು ಒಮ್ಮೆಯೂ ಕೇಳದ ನಿಮಗೆಲ್ಲ ಕೈಮುಗಿಯುತ್ತೇನೆ. ಆಸ್ಪತ್ರೆಯ ಖರ್ಚಿನ ಮುಂದೆ ಕ್ಯಾಮೆರಾ ಮಾರಲು ಹೊರಟಿದ್ದ ನನ್ನನ್ನು ತಡೆದವರು ನೀವು.

ಕೊನೆಯ ಎರಡು ಸಾಲು ಮಾತ್ರ ನನ್ನ ದನಿಯಲ್ಲಿವೆ. ಒರಟಾಗಿವೆ. ಇನ್ನೊಮ್ಮೆ ಓದಿ ಸರಿಪಡಿಸಲೇ ಎಂದು ಕೇಳಿದೆ. ಬೇಡ ಎಂದರು ಗೆಳತಿ. ಹಾಗೆಯೇ ಬಿಟ್ಟಿದ್ದೇನೆ.