ತಂತಿ ಇತ್ತು, ಹೀಟರ್ ಇರಲಿಲ್ಲ

ಇವರಿಗೆ:
ವ್ಯವಸ್ಥಾಪಕರು,
ಹೊಸದಾಗಿ ಬಂದವರಿಗೆ ಮನೆ, ಕಾರು ಹೊಂದಿಸಿಕೊಡುವ ಸೇವೆ,
ವಿನ್ನಿಪೆಗ್, ಕೆನಡಾ

ವಿಷಯ: ನೀವು ಕೊಡಿಸಿದ ಕಾರಿನಲ್ಲಿ ಬ್ಲಾಕ್ ಹೀಟರ್ (ನಿಂತ ಕಾರಿನ ಇಂಜಿನ್ನನ್ನು ಚಳಿಯಲ್ಲಿ ಕರೆಂಟಿನಿಂದ ಬೆಚ್ಚಗಿಡುವ ಸಾಧನ) ಇಲ್ಲದಿರುವ ಬಗ್ಗೆ ದೂರು

ಮಾನ್ಯರೇ,

ಮೊದಲ ಫೋನ್ ಕರೆಯಿಂದ ಹಿಡಿದು ಕಾರಿನ ಕೀ ಕೈಗೆ ಕೊಡುವವರೆಗೂ ನಾವು ಮಾತಾಡಿದ್ದು ಕನ್ನಡದಲ್ಲೇ. ಅದಕ್ಕೇ ಈ ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಕ್ಟೋಬರಿನಲ್ಲಿ ನಾವು ಸಾಗರದಿಂದ ಇಲ್ಲಿಗೆ ಬಂದಾಗ ಮನೆ ಹುಡುಕಿಕೊಟ್ಟಿರಿ, ಮಗಳನ್ನು ಶಾಲೆಗೆ ಸೇರಿಸಲು ಜೊತೆಗೆ ಬಂದಿರಿ. ಆ ಉಪಕಾರ ಮರೆತಿಲ್ಲ. ನನ್ನ ದೂರು ಇರುವುದು ಕಾರಿನ ಬಗ್ಗೆ. ಚಳಿಗಾಲದ ತಪಾಸಣೆ ಅಂತ ನೀವು 180 ಡಾಲರ್ ಬೇರೆಯಾಗಿ ತೆಗೆದುಕೊಂಡಿರಿ. ಆಗ ಕೊಟ್ಟ ಹಾಳೆಯಲ್ಲಿ ಬ್ಲಾಕ್ ಹೀಟರ್ ಎದುರು 'ಸರಿ ಇದೆ' ಎಂದು ಗುರುತು ಹಾಕಿದ್ದೀರಿ. ಆ ಕಾರಿನಲ್ಲಿ ಹೀಟರೇ ಇರಲಿಲ್ಲ.

ಡಿಸೆಂಬರಿನಲ್ಲಿ ಕಾರು ಸ್ವಲ್ಪ ಮುನಿಸಿಕೊಂಡರೂ ಸ್ಟಾರ್ಟ್ ಆಗುತ್ತಿತ್ತು. ಹಾಗಾಗಿ ನಮಗೆ ಗೊತ್ತಾಗಲಿಲ್ಲ. ಕಳೆದ ಸೋಮವಾರ ಬೆಳಗ್ಗೆ ಮೈನಸ್ 31 ಡಿಗ್ರಿ. ಹಿಂದಿನ ರಾತ್ರಿ ಒಂಬತ್ತೂವರೆಗೆ ನಾನೇ ಕೆಳಗಿಳಿದು, ಪಾರ್ಕಿಂಗಿನ ಕಂಬದ ಪ್ಲಗ್ಗಿಗೆ ಕಾರಿನ ತಂತಿ ಸಿಕ್ಕಿಸಿ ಬಂದಿದ್ದೆ. ಬೆಳಗ್ಗೆ ಆರಕ್ಕೆ ಹೋಗಿ ನೋಡಿದರೆ ತಂತಿ ಬೆತ್ತದ ಹಾಗೆ ಸೆಟೆದು ನಿಂತಿತ್ತು. ಕೀ ತಿರುಗಿಸಿದೆ. ಇಂಜಿನ್ ಒಮ್ಮೆ ನರಳಿತು, ಆಮೇಲೆ ಬರೀ ಟಕ್ ಟಕ್ ಸದ್ದು. ಹಿಂದಿನ ಸೀಟಿನಲ್ಲಿ ಐದು ವರ್ಷದ ಮಗಳು, ಉಸಿರು ಬಿಟ್ಟರೆ ಕಿಟಕಿಯ ಒಳಗೇ ಮಂಜು ಕಟ್ಟುತ್ತಿತ್ತು. ಏಳು ಗಂಟೆಗೆ ಹೆಂಡತಿಯ ಶಿಫ್ಟ್. ವೃದ್ಧಾಶ್ರಮದ ಕೆಲಸ, ಇವಳು ಹೋಗದೆ ರಾತ್ರಿಯವರು ಮನೆಗೆ ಹೋಗುವ ಹಾಗಿಲ್ಲ. ಅವಳನ್ನು ಟ್ಯಾಕ್ಸಿಯಲ್ಲಿ ಕಳಿಸಿದೆ.

ನಿಮಗೆ ಫೋನ್ ಮಾಡಿದಾಗ ನಿಮ್ಮ ಹುಡುಗ ಹೇಳಿದ್ದು: "ಹೊಸಬರಿಗೆ ಹೀಗೆ ಆಗುತ್ತೆ ಸಾರ್, ಪ್ಲಗ್ ಹಾಕೋಕೆ ಮರೆತಿರ್ತೀರಿ." ಈ ಮಾತು ನನಗೆ ಚಳಿಗಿಂತ ಜಾಸ್ತಿ ನೋವು ಕೊಟ್ಟಿತು. ನಾನು ಮರೆತಿರಲಿಲ್ಲ. ಪಕ್ಕದ ಮನೆಯವರು ಅದೇ ಪ್ಲಗ್ಗಿಗೆ ತಮ್ಮ ಕಾರಿನ ತಂತಿ ಹಾಕಿ ನೋಡಿದರು, ಕರೆಂಟ್ ಚೆನ್ನಾಗೇ ಬರುತ್ತಿತ್ತು.

ಕಾರನ್ನು ಗ್ಯಾರೇಜಿಗೆ ಎಳೆಸಿದೆ. ಮೆಕ್ಯಾನಿಕ್ ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು, ನನ್ನನ್ನೂ ಹತ್ತಿರ ಕರೆದು ತೋರಿಸಿದರು. ಮುಂದಿನ ಗ್ರಿಲ್‌ನಿಂದ ಒಳಗೆ ಹೋದ ತಂತಿಯ ಇನ್ನೊಂದು ತುದಿ ಯಾವುದಕ್ಕೂ ಸೇರಿರಲಿಲ್ಲ. ತುದಿಗೆ ಕಪ್ಪು ಟೇಪ್ ಸುತ್ತಿ, ರೇಡಿಯೇಟರ್ ಪಕ್ಕದ ಪೈಪಿಗೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದಿದ್ದರು. ಇಂಜಿನ್ ಬ್ಲಾಕಿನಲ್ಲಿ ಹೀಟರ್ ಕೂರಬೇಕಾದ ತೂತಿಗೆ ಬರೀ ಲೋಹದ ಬಿರಡೆ ಹಾಕಿತ್ತು. ಅಂದರೆ ಯಾರೋ ಹಳೇ ಹೀಟರ್ ತೆಗೆದುಹಾಕಿ ತಂತಿಯನ್ನು ಮಾತ್ರ ಬಿಟ್ಟಿದ್ದಾರೆ. ಅದನ್ನು ಮಾಡಿದವರು ನೀವೇ ಅಂತ ನಾನು ಹೇಳುತ್ತಿಲ್ಲ. ಆದರೆ ಹೊರಗೆ ಜೋತಾಡುವ ತಂತಿ ನೋಡಿ, ಬಾನೆಟ್ ಕೂಡ ಎತ್ತದೆ, ಸುಮ್ನೆ ಗುರುತು ಹಾಕಿದ್ದು ನೀವೇ ಅಲ್ವಾ?

ಇದೇನು ಹೊಸ ಯಂತ್ರವಲ್ಲ. ಗಡಿಯಾಚೆ ಅಮೆರಿಕದ ಗ್ರ್ಯಾಂಡ್ ಫೋರ್ಕ್ಸ್ ಊರಿನ ಆಂಡ್ರ್ಯೂ ಫ್ರೀಮನ್ ತಮ್ಮ ಹೀಟರಿಗೆ ಪೇಟೆಂಟ್ ಪಡೆದದ್ದು 1949ರಲ್ಲಿ. ಈ ಬಯಲು ಸೀಮೆಯವರಿಗೆ ಇದು ಮನೆಮಾತು. ಗೊತ್ತಿಲ್ಲದಿರುವುದು ನಮ್ಮಂಥ ಹೊಸಬರಿಗೆ. ಇಂಥ ಚಳಿಗೆ ಇಂಜಿನ್ ಆಯಿಲ್ ಜೋನಿಬೆಲ್ಲದ ಹಾಗೆ ಗಟ್ಟಿಯಾಗುತ್ತದೆ, ಬ್ಯಾಟರಿಯ ಶಕ್ತಿ ಅರ್ಧಕ್ಕೂ ಕೆಳಗಿಳಿಯುತ್ತದೆ, ಇಂಜಿನ್ನಿನೊಳಗೆ ಹರಿಯುವ ಕೂಲಂಟ್ ದ್ರವವನ್ನು ಹೀಟರ್ ಬೆಚ್ಚಗಿಟ್ಟರೆ ಮಾತ್ರ ಇಂಜಿನ್ ಸಲೀಸಾಗಿ ತಿರುಗುತ್ತದೆ ಎಂದೆಲ್ಲ ನಾನು ಕಲಿತದ್ದು ಆ ಗ್ಯಾರೇಜಿನಲ್ಲಿ ನಿಂತು. ಇದು ತಿಳಿದವರು ನೋಡಲಿ ಅಂತಲೇ ನಿಮಗೆ ದುಡ್ಡು ಕೊಟ್ಟಿದ್ದೆ.

ಪರೀಕ್ಷೆಗೆ ಎರಡು ನಿಮಿಷವೂ ಬೇಡ. ಹೊಸ ಹೀಟರ್ ಹಾಕಿದ ಮೇಲೆ ಮೆಕ್ಯಾನಿಕ್ ತಂತಿಯ ಎರಡು ಪಿನ್ನಿಗೆ ಮೀಟರ್ ಹಿಡಿದರು, 36 ಓಮ್ ರೋಧ ತೋರಿಸಿತು. 120 ವೋಲ್ಟ್‌ನಲ್ಲಿ ಓಡುವ 400 ವಾಟ್ ಹೀಟರಿಗೆ ಅಷ್ಟೇ ಬರಬೇಕಂತೆ. ಬಿಚ್ಚಿದ ಹಳೇ ತಂತಿಗೆ ಹಿಡಿದಾಗ ಮೀಟರ್ ಅಲ್ಲಾಡಲೇ ಇಲ್ಲ. ಅಕ್ಟೋಬರಿನಲ್ಲಿ ನೀವು ಇಷ್ಟು ಮಾಡಿದ್ದರೆ ಸಾಕಿತ್ತು.

ನನಗೆ ಆದ ಖರ್ಚು: ಕಾರು ಎಳೆಸಲು 120 ಡಾಲರ್, ಟ್ಯಾಕ್ಸಿಗೆ 34, ಹೀಟರ್ ಮತ್ತು ಕೂಲಿ ಸೇರಿ 296. ಒಟ್ಟು 450. ಇದರ ಜೊತೆ ತಪಾಸಣೆಯ 180 ಡಾಲರನ್ನೂ ವಾಪಸ್ ಕೊಡಬೇಕು. ನಾನು ಕಳೆದುಕೊಂಡ ಒಂದು ದಿನದ ಸಂಬಳ ಕೇಳುತ್ತಿಲ್ಲ.

ಇನ್ನೊಂದು ವಿಷಯ ದುಡ್ಡಿಗಿಂತ ಮುಖ್ಯ. ಈ ಚಳಿಗಾಲಕ್ಕೆ ನಮ್ಮ ಹಾಗೇ ಬೇರೆಯವರಿಗೂ ಕಾರು ಕೊಡಿಸಿದ್ದೀರಿ. ಅವರನ್ನೆಲ್ಲ ಈ ವಾರವೇ ಕರೆಸಿ, ಹೀಟರಿಗೆ ಮೀಟರ್ ಹಿಡಿದು ನೋಡಿ. ಊರಾಚೆ ಹೆದ್ದಾರಿ ಪಕ್ಕದಲ್ಲಿ ಕೆಲಸ ಮಾಡುವವರೂ ಅವರಲ್ಲಿದ್ದಾರೆ. ನಡುರಾತ್ರಿ ಶಿಫ್ಟ್ ಮುಗಿಸಿ ಬಂದು ಕೀ ತಿರುಗಿಸಿದಾಗ ಕಾರು ಸ್ಟಾರ್ಟ್ ಆಗದಿದ್ದರೆ ಅಲ್ಲಿ ಪಕ್ಕದ ಮನೆಯವರು ಇರುವುದಿಲ್ಲ.

ಬಿಲ್ಲುಗಳು, ನಿಮ್ಮ ತಪಾಸಣೆ ಹಾಳೆ, ಬಾನೆಟ್ ಒಳಗಿನ ಫೋಟೋ ಜೊತೆಗಿಟ್ಟಿದ್ದೇನೆ. ಹತ್ತು ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಟೇಪ್ ಸುತ್ತಿದ ಆ ತಂತಿಯನ್ನು ಮನೆಯಲ್ಲಿ ಇಟ್ಟುಕೊಂಡಿದ್ದೇನೆ, ಯಾವಾಗ ಬೇಕಾದರೂ ಬಂದು ನೋಡಬಹುದು.

ಇಂತಿ,
ನಿಮ್ಮ ಗ್ರಾಹಕ