ಲೈಸೆನ್ಸ್ ಇಲ್ಲದ ಹುಡುಗ

ಹ್ಯೂಸ್ಟನ್
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪಾಜಿಯವರಿಗೆ ಸಾಷ್ಟಾಂಗ ನಮಸ್ಕಾರಗಳು. ಅಮ್ಮನಿಗೂ. ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಬರೆಯುವುದು.

ನಿಮ್ಮ ಪತ್ರ ಸಿಕ್ಕಿತು. ನಾಲ್ಕು ಪುಟವನ್ನೂ ಸುಮಳ ಕೈಲೇ ಫೋಟೋ ತೆಗೆಸಿ ಕಳಿಸಿದ್ದೀರಿ, ಕೊನೆಗೆ 'ಸುಮಂಗೆ ಈಗಲೇ ಏನೂ ಹೇಳಬೇಡ' ಅಂತಲೂ ಬರೆದಿದ್ದೀರಿ! ಇರಲಿ. ನಮ್ಮ ಸುಮಂಗೆ ಬಂದಿರುವ ಸಂಬಂಧದ ಡಲ್ಲಾಸ್ ಹುಡುಗ ಇಂಡಸ್ಟ್ರಿಯಲ್ ಇಂಜಿನಿಯರ್, ಏರ್ ಕಂಡಿಷನರ್ ತಯಾರಿಸುವ ಕಾರ್ಖಾನೆಯಲ್ಲಿ ಐದು ವರ್ಷದಿಂದ ಇದ್ದಾನೆ, ವರ್ಷಕ್ಕೆ 95,000 ಡಾಲರ್, ಆದರೆ ನನಗಿರುವ, ಇಲ್ಲಿಯ ರಾಜ್ಯದ ಬೋರ್ಡ್ ಕೊಡುವ ಇಂಜಿನಿಯರಿಂಗ್ ಲೈಸೆನ್ಸ್ ಅವನಿಗಿಲ್ಲ. 'ಲೈಸೆನ್ಸ್ ಇಲ್ಲದವನು ಅದೆಂಥ ಇಂಜಿನಿಯರ್?' ಅಂತ ದೊಡ್ಡಪ್ಪ ಕೇಳಿದ ಮೇಲೆ ನಿಮಗೆ ನಿದ್ದೆ ಬಂದಿಲ್ಲ. ಇಷ್ಟೇ ತಾನೆ? ಆ ಒಂದು ಕಾರಣಕ್ಕೆ ಸಂಬಂಧ ಬಿಡಬೇಡಿ. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ, ಕೆಳಗೆ ಬರೆದಿದ್ದೇನೆ.

ಕಾರ್ಖಾನೆಯೊಳಗೆ ಸಂಬಳಕ್ಕೆ ಕೆಲಸ ಮಾಡುವ ಇಂಜಿನಿಯರಿಗೆ ಲೈಸೆನ್ಸ್ ಬೇಕಿಲ್ಲ ಅಂತ ಟೆಕ್ಸಸ್ ಕಾನೂನೇ ವಿನಾಯಿತಿ ಕೊಟ್ಟಿದೆ. ಹೊರಗಿನವರಿಗೆ ಇಂಜಿನಿಯರಿಂಗ್ ಸಲಹೆ ಮಾರುವವನಿಗೆ, ನಕ್ಷೆಯ ಮೇಲೆ ತನ್ನ ಮೊಹರು ಒತ್ತುವವನಿಗೆ ಬೇಕು. ನಾನು ಕನ್ಸಲ್ಟಿಂಗ್‌ನಲ್ಲಿರುವುದರಿಂದ ಇಟ್ಟುಕೊಂಡಿದ್ದೇನೆ. ನಮ್ಮ ತಿಪಟೂರಿನಲ್ಲಿ ಬೋರ್ಡ್ ಬರೆಸಿದವರೆಲ್ಲ ಇಂಜಿನಿಯರು. ಇಲ್ಲಿ ಲೈಸೆನ್ಸ್ ಇಲ್ಲದೆ ಆ ಬೋರ್ಡ್ ತಗುಲಿಸಿ ಅಂಗಡಿ ತೆರೆದರೆ ದಂಡ. ಆದರೆ ರೈಲು ಓಡಿಸುವವನನ್ನೂ ಇವರು ಇಂಜಿನಿಯರ್ ಅಂತಲೇ ಕರೆಯುತ್ತಾರೆ, ಅವನನ್ನು ಈ ಲೈಸೆನ್ಸ್ ಕೊಡುವ ಬೋರ್ಡ್ ಕೇಳುವುದಿಲ್ಲ.

ಈ ಲೈಸೆನ್ಸ್ ಕಾನೂನು ಬಂದದ್ದು 1937ರಲ್ಲಿ. ಆ ಮಾರ್ಚ್‌ನಲ್ಲಿ ಪೂರ್ವ ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯ ಅಡಿಯಲ್ಲಿ ಗ್ಯಾಸ್ ಸೋರಿ ತುಂಬಿಕೊಂಡಿತ್ತು. ವಾಸನೆಯೇ ಇಲ್ಲದ ಗ್ಯಾಸ್, ಯಾರ ಮೂಗಿಗೂ ತಿಳಿಯಲಿಲ್ಲ. ಒಂದು ಕಿಡಿಗೆ ಶಾಲೆ ಸಿಡಿದು ಮುನ್ನೂರರ ಹತ್ತಿರ ಜನ ಸತ್ತರು, ಹೆಚ್ಚಿನವರು ಮಕ್ಕಳು. ಗ್ಯಾಸ್‌ಗೆ ಕೆಟ್ಟ ವಾಸನೆ ಬೆರೆಸಲೇಬೇಕು ಎಂಬ ನಿಯಮವೂ ಇಲ್ಲಿ ಅದರಿಂದಲೇ ಬಂತು. ಸಿಲಿಂಡರ್ ಬದಲಾಯಿಸುವಾಗ ಅಮ್ಮ ಮೂಗು ಮುಚ್ಚಿಕೊಳ್ಳುತ್ತಾಳಲ್ಲ, ಅದೂ ಹಾಗೆ ಬೇಕೆಂದೇ ಬೆರೆಸಿದ ವಾಸನೆ.

ಇನ್ನು, ಯಂತ್ರ ರಿಪೇರಿ ಮಾಡದ ಇಂಜಿನಿಯರಿಗೆ ಕೆಲಸ ಏನು ಅಂತ ಕೇಳಿದ್ದೀರಿ. ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಅನ್ನದವನು ಸರಸರ ಬಡಿಸಿ ಹೋಗಿರುತ್ತಾನೆ, ಸಾರಿನ ಬಕೆಟ್ ಹಿಡಿದವನು ಒಬ್ಬನೇ. ಅವನು ಬರುವಷ್ಟರಲ್ಲಿ ಎಲೆಯ ಮೇಲೆ ಅನ್ನ ಆರಿರುತ್ತದೆ. ಅನ್ನದವನಿಗೆ ಇನ್ನೂ ಬೇಗ ಹೋಗು ಅಂದರೆ ಏನು ಬಂತು? ಹುಡುಗ ನೋಡಿಕೊಳ್ಳುವುದು ಇದನ್ನೇ. ಎಂಟು ಗಂಟೆಯ ಪಾಳಿಯಲ್ಲಿ ಅರ್ಧ ಗಂಟೆ ವಿರಾಮ ಕಳೆದರೆ 450 ನಿಮಿಷ. ದಿನಕ್ಕೆ 300 ಏಸಿ ಹೊರಬೀಳಬೇಕಾದರೆ 90 ಸೆಕೆಂಡಿಗೆ ಒಂದು. ಸಾಲಿನಲ್ಲಿ ಯಾವನೋ ಒಬ್ಬನ ಕೆಲಸ 110 ಸೆಕೆಂಡ್ ಹಿಡಿದರೆ, ಉಳಿದವರು ಎಷ್ಟೇ ಚುರುಕಾಗಿದ್ದರೂ 245ರ ಮೇಲೆ ಒಂದೂ ಆಗುವುದಿಲ್ಲ. ಇವನು ಸ್ಟಾಪ್‌ವಾಚ್ ಹಿಡಿದು ಆ ಜಾಗ ಹುಡುಕುತ್ತಾನೆ, ಅಲ್ಲಿಯ 25 ಸೆಕೆಂಡಿನ ಸ್ಕ್ರೂ ಕೆಲಸವನ್ನು 60 ಸೆಕೆಂಡಿನಲ್ಲಿ ಮುಗಿಸಿ ಕೂರುವ ಪಕ್ಕದವನಿಗೆ ದಾಟಿಸುತ್ತಾನೆ. ಇಬ್ಬರದೂ 85 ಆಯಿತು, ಸಾಲು ಹರಿಯಿತು. ಹೊಸ ಯಂತ್ರವೂ ಬೇಡ, ಹೊಸ ಆಳೂ ಬೇಡ. ಸಂಬಳ ಕೊಡುವುದು ಇದಕ್ಕೆ.

ಲೈಸೆನ್ಸ್ ಯಾಕೆ ತೆಗೆದುಕೊಂಡಿಲ್ಲ ಅಂದರೆ, ಸುಲಭ ಇಲ್ಲ, ಕಾರ್ಖಾನೆಯವರಿಗೆ ಲಾಭವೂ ಇಲ್ಲ. ಮೊದಲು ನಮ್ಮ ವಿಟಿಯು ಬಿ.ಇ.ಯನ್ನು ಇಲ್ಲಿಯ ಅಳತೆಗೆ ತೂಗಿಸಬೇಕು. ಅಂಕಪಟ್ಟಿ ಬೆಳಗಾವಿಯಿಂದ ನೇರ ಹೋಗಬೇಕು, ನಾವು ಕೊಟ್ಟರೆ ಒಪ್ಪುವುದಿಲ್ಲ. ನಮ್ಮವರಿಗೆ ಸಾಮಾನ್ಯವಾಗಿ ಇಂಜಿನಿಯರಿಂಗ್ ವಿಷಯಗಳಲ್ಲಿ ಕೊರತೆ ಬರುವುದಿಲ್ಲ. ಭಾಷೆ, ಇತಿಹಾಸ, ಅರ್ಥಶಾಸ್ತ್ರದಂಥ ಸಾಮಾನ್ಯ ವಿಷಯಗಳಲ್ಲಿ ಬರುತ್ತದೆ. ಜೊತೆಗೆ ಎಫ್.ಇ. ಎಂಬ ಮೊದಲ ಹಂತದ ಪರೀಕ್ಷೆ, 110 ಪ್ರಶ್ನೆ, 5 ಗಂಟೆ 20 ನಿಮಿಷ, ಫೀಸು 225 ಡಾಲರ್. ಕ್ಯಾಲ್ಕುಲೇಟರಿಗೂ ಅವರದೇ ಪಟ್ಟಿ ಇದೆ. ಅದರಲ್ಲಿ ನಮ್ಮ ಹುಡುಗರ ಬ್ಯಾಗಿನಲ್ಲಿ ಇರುವ ಅದೇ ಕ್ಯಾಸಿಯೊ ಎಫ್‌ಎಕ್ಸ್-991 ಇದೆ ನೋಡಿ! ಅಲ್ಮೇರಾದಲ್ಲಿರುವ ನನ್ನದನ್ನು ಯಾರಿಗೂ ಕೊಡಬೇಡಿ. ಇನ್ನೊಂದು ತೊಡಕು ಹೆಸರಿನದು. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಅರ್ಜಿಯ ಹೆಸರು ಗುರುತಿನ ಚೀಟಿಗೆ ಹೊಂದದಿದ್ದರೆ ಪರೀಕ್ಷಾ ಕೇಂದ್ರದ ಬಾಗಿಲಿನಿಂದಲೇ ವಾಪಸ್, ಫೀಸೂ ಹೋಯಿತು.

ಡಿಗ್ರಿ ಸಮಾನ ಅಂತ ಒಪ್ಪಿದರೆ ಮುಂದಿನದು ನಾಲ್ಕು ವರ್ಷದ ಅನುಭವ. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಅನುಭವದ ವರದಿಯಲ್ಲಿ 'ನಾವು ಮಾಡಿದೆವು' ಅಂತ ವಿನಯದಿಂದ ಬರೆದರೆ ಬೋರ್ಡ್ ವಾಪಸ್ ಕಳಿಸುತ್ತದೆ. ನಾನು ಅಳೆದೆ, ನಾನು ಲೆಕ್ಕ ಹಾಕಿದೆ, ಇದನ್ನು ಬಿಟ್ಟು ಅದನ್ನು ಆರಿಸಿದ್ದು ನಾನು, ಯಾಕೆಂದರೆ ಹೀಗೆ: ಈ ಧಾಟಿಯಲ್ಲಿ ಬರೆಯಬೇಕು. ಅದಕ್ಕೆ ಲೈಸೆನ್ಸ್ ಇರುವ ಮೂವರು ಇಂಜಿನಿಯರುಗಳ ಸಾಕ್ಷಿ ಬೇಕು. ಕಾರ್ಖಾನೆಯಲ್ಲಿ ಯಾರಿಗೂ ಲೈಸೆನ್ಸ್ ಬೇಕಿಲ್ಲದ ಮೇಲೆ ಸಾಕ್ಷಿ ಹಾಕುವ ಮೂವರನ್ನು ಎಲ್ಲಿಂದ ತರುವುದು? ಇದರ ಜೊತೆಗೆ ಪಿ.ಇ. ಎಂಬ ಎರಡನೇ ಹಂತದ ಪರೀಕ್ಷೆ, ಎಂಟು ಗಂಟೆ, 400 ಡಾಲರ್. ಸಿವಿಲ್‌ನವರಿಗೆ ವರ್ಷವಿಡೀ ನಡೆಯುತ್ತದೆ; ನಮ್ಮ ಇಂಡಸ್ಟ್ರಿಯಲ್ ವಿಭಾಗಕ್ಕೆ ಕೂರುವವರೇ ಕಡಿಮೆ, ಹಾಗಾಗಿ ಅಕ್ಟೋಬರ್‌ನಲ್ಲಿ ಒಂದೇ ದಿನ. ತಪ್ಪಿದರೆ ಮುಂದಿನ ಅಕ್ಟೋಬರ್. ಸಿಕ್ಕ ಮೇಲೂ ವರ್ಷಕ್ಕೆ 15 ಗಂಟೆ ಪಾಠ ಕೇಳಿ ಲೆಕ್ಕ ಇಡಬೇಕು.

ಎಲ್ಲ ಸೇರಿ ಸಾವಿರ ಡಾಲರಿನ ಮೇಲೆ ಖರ್ಚು, ವರ್ಷಗಟ್ಟಲೆ ಓಡಾಟ. ಅವನ ಕಾರ್ಖಾನೆಯಲ್ಲಿ ಇದಕ್ಕಾಗಿ ಸಂಬಳ ಏರುತ್ತದೆ ಅಂತ ನನಗೆ ಅನಿಸುವುದಿಲ್ಲ. 2024ರ ಮೇ ತಿಂಗಳ ಸರ್ಕಾರಿ ಲೆಕ್ಕದಲ್ಲಿ ಇಲ್ಲಿಯ ಇಂಡಸ್ಟ್ರಿಯಲ್ ಇಂಜಿನಿಯರುಗಳ ನಡುಮಟ್ಟದ ಸಂಬಳ 1,01,140 ಡಾಲರ್, ಅರ್ಧ ಜನಕ್ಕೆ ಅದಕ್ಕಿಂತ ಹೆಚ್ಚು, ಅರ್ಧ ಜನಕ್ಕೆ ಕಡಿಮೆ. ಐದು ವರ್ಷದ ಅನುಭವಕ್ಕೆ 95,000 ಸರಿಯಾದ ಸಂಬಳವೇ. ಹುಡುಗ ಸುಳ್ಳು ಹೇಳಿಲ್ಲ.

ಆದರೆ ಮಧ್ಯಸ್ಥಿಕೆಯವರು 80 ಲಕ್ಷ ಅಂತ ಗುಣಿಸಿ ಹೇಳುತ್ತಿದ್ದಾರಲ್ಲ, ಅದು ಬರೀ ಗುಣಾಕಾರ. ಫೆಡರಲ್ ತೆರಿಗೆ ಸುಮಾರು 11,000, ವಯಸ್ಸಾದ ಮೇಲಿನ ಪಿಂಚಣಿ, ಆಸ್ಪತ್ರೆ ಖರ್ಚಿಗೆ ಹಿಡಿಯುವ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ 7,200 ಚಿಲ್ಲರೆ, ನಮ್ಮ ಪಿ.ಎಫ್. ತರಹದ 401-ಕೆಗೆ ಆರು ಪರ್ಸೆಂಟ್ ಹಾಕಿದರೆ 5,700. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಅದೊಂದು ಪುಣ್ಯ. ವಿಮೆಯನ್ನೂ ಹಿಡಿದು ತಿಂಗಳಿಗೆ ಕೈಗೆ 5,700 ಡಾಲರ್ ಆಸುಪಾಸು. ಅದರಲ್ಲಿ ಬಾಡಿಗೆ, ಕಾರಿನ ಕಂತು, ಎಂ.ಎಸ್.ಗೆ ಮಾಡಿದ ಸಾಲ. ಆ ಸಾಲ ಇನ್ನೂ ಎಷ್ಟು ಉಳಿದಿದೆ, ಯಾರ ಜಮೀನಿನ ಮೇಲೆ ಇದೆ ಅಂತ ದೊಡ್ಡಪ್ಪ ಕೇಳಲಿ.

ಎರಡನೆಯದು ಇದಕ್ಕಿಂತ ಮುಖ್ಯ: ಅವನಿಗೆ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾಗಿದೆಯೇ? ಆಗಿದ್ದರೆ ಅವನ ಎಚ್-1ಬಿ ಕೆಲಸದ ವೀಸಾ ಆರು ವರ್ಷ ದಾಟಿದರೂ ಮುಂದುವರಿಯುತ್ತದೆ, ಸುಮ ಇಲ್ಲಿ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ಆಗಿಲ್ಲದಿದ್ದರೆ ಬಿ.ಎಡ್. ಮಾಡಿ ಪಾಠ ಹೇಳುತ್ತಿರುವವಳು ಇಲ್ಲಿ ಬಂದು ಸುಮ್ಮನೆ ಮನೆಯಲ್ಲಿ ಕೂರಬೇಕು. ಅದಕ್ಕೆ ಅವಳು ಒಪ್ಪುತ್ತಾಳಾ ಅಂತ ಅವಳನ್ನೇ ಕೇಳಿ. ಕೆಲಸ ಹೋದರೆ ಇನ್ನೊಂದು ಹುಡುಕಲು 60 ದಿನ ಮಾತ್ರ. ಆಗ ಲೈಸೆನ್ಸ್ ಇದ್ದವನಿಗೂ ಅಷ್ಟೇ, ಇಲ್ಲದವನಿಗೂ ಅಷ್ಟೇ. ನನ್ನ ಕೆಲಸ ಭದ್ರವಾಗಿದೆ, ಅದರ ಯೋಚನೆ ಬೇಡ. ನಿಜವಾಗಿಯೂ ಬೇಡ. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೇನೆ, ತೂಕವೂ ಇಳಿದಿಲ್ಲ.

ಬರುವ ಶನಿವಾರ ನಾನೇ ಡಲ್ಲಾಸ್‌ಗೆ ಹೋಗಿ ಹುಡುಗನನ್ನು ನೋಡಿ ಬರುತ್ತೇನೆ, ಕಾರಿನಲ್ಲಿ ನಾಲ್ಕು ಗಂಟೆ ದಾರಿ. ಅಲ್ಲಿಯವರೆಗೆ ಹೂಂ ಅನ್ನಬೇಡಿ, ಉಹೂಂ ಅಂತಲೂ ಅನ್ನಬೇಡಿ. ಕೊಬ್ಬರಿ ಮಾರಲು ಅವಸರ ಮಾಡಬೇಡಿ, ದುಡ್ಡು ನಾನು ಕಳಿಸುತ್ತೇನೆ. ಶುಗರ್ ಟೆಸ್ಟ್ ಮಾಡಿಸಿದ ಚೀಟಿ ಕಳಿಸಿ, ಹೋದ ತಿಂಗಳದೂ ಬಂದಿಲ್ಲ. ಬೆಳಿಗ್ಗೆ ಆರಕ್ಕೆ ಸೈಟಿನಲ್ಲಿರಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ. ಅಮ್ಮನಿಗೆ ಓದಿ ಹೇಳಿ, ಗ್ಯಾಸಿನ ವಿಷಯ ಮಾತ್ರ ಬಿಟ್ಟುಬಿಡಿ.

ಇಂತಿ ನಿಮ್ಮ ಮಗ,
ಗಿರಿ